ಸಭೆಯಲ್ಲಿ ಮಾತನಾಡುವ ಕಲೆ



ನಾವು ಮನೆಯ ಕಟ್ಟೆಯ ಮೇಲೆ ಕುಳಿತು ಚೆನ್ನಾಗಿಯೇ ಮಾತನಾಡುತ್ತೇವೆ. ಗ್ರಾಮಸಭೆಯಲ್ಲಿ ಎದ್ದು ನಿಂತೊಡನೆ ನಾಲಗೆ ಒಣಗುತ್ತದೆ. ಕುಡಿಯುವ ನೀರಿನ ತೊಂದರೆ, ಕೆಟ್ಟ ರಸ್ತೆಯ ದೂರು ಎಲ್ಲವೂ ಮನದಲ್ಲಿಯೇ ಉಳಿಯುತ್ತವೆ. ಹೇಳದ ನೋವಿಗೆ ಮದ್ದು ದೊರೆಯುವುದೆಂತು? ನೆರೆಯವರ ಹಿತಕ್ಕಾಗಿಯಾದರೂ ನಾವು ಸಭೆಯಲ್ಲಿ ಮಾತನಾಡಲು ಕಲಿಯಬೇಕು.

ಅಂಜಿಕೆ ಸಹಜವಾದುದು. ಮೋಶೆಯೂ ತನ್ನ ನಾಲಗೆ ಮಂದವೆಂದು ದೇವರ ಮುಂದೆ ಹಿಂಜರಿದನು. ದೇವರು ಆತನಿಗೆ ಆರೋನನನ್ನು ಜೊತೆಗೊಟ್ಟರು. ನಾವೂ ಮನೆಯವರೊಬ್ಬರನ್ನು ಎದುರಿಗೆ ಕೂಡಿಸಿಕೊಂಡು ಅಭ್ಯಾಸ ಮಾಡಿದರೆ ಅರ್ಧ ಅಂಜಿಕೆ ಕಳೆಯುವುದು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಪಾಠಗಳುಂಟು. ರೋಣ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕರ್ನಾಟಕದ ಏಕೀಕರಣಕ್ಕಾಗಿ ಮಾತನಾಡಿದುದಷ್ಟೇ ಅಲ್ಲದೆ, 1953ರಲ್ಲಿ ಮುಂಬಯಿ ಶಾಸನಸಭೆಯ ಸ್ಥಾನವನ್ನು ತೊರೆದು ಉಪವಾಸ ಕುಳಿತರು. ನುಡಿಯ ಹಿಂದೆ ನಡೆ ನಿಂತಾಗ ಜನರು ಕಿವಿಗೊಡುತ್ತಾರೆ. 1980ರಲ್ಲಿ ನರಗುಂದ, ನವಲಗುಂದಗಳ ರೈತರು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ ಬೇಡವೆಂದರು. ಜುಲೈ 21ರಂದು ಗೋಲೀಬಾರಿನಲ್ಲಿ ಪ್ರಾಣಗಳು ಹೋದುವು. ಆ ಕೂಗು ನಾಡಿನಲ್ಲೆಲ್ಲ ಹಬ್ಬಿತು. ಅವರ ಬೇಡಿಕೆಯನ್ನು ಯಾರಾದರೂ ಒಂದೇ ವಾಕ್ಯದಲ್ಲಿ ಹೇಳಬಹುದಾಗಿತ್ತು.

ನಮ್ಮ ಮಾತೂ ಹಾಗೆಯೇ ಸ್ಪಷ್ಟವಾಗಿರಬೇಕು. ಏನು ತೊಂದರೆ, ಎಲ್ಲಿ, ಎಂದಿನಿಂದ, ನಾವು ಕೇಳುವುದೇನು ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳೋಣ. ಮುಖ್ಯ ಮಾತನ್ನು ಮೊದಲೇ ಹೇಳೋಣ. ಕೊನೆಯ ಸಾಲಿನವರನ್ನು ನೋಡುತ್ತ, ವಾಕ್ಯ ಮುಗಿದಲ್ಲಿ ತುಸು ನಿಲ್ಲುತ್ತ ಮಾತನಾಡೋಣ. ಕೇಳುವವರು ದಣಿಯುವ ಮುನ್ನವೇ ಮುಗಿಸೋಣ. ಸಿಟ್ಟು ಬಂದಾಗ ದನಿಯೇರಿಸದೆ, ಇನ್ನೊಬ್ಬರ ಮಾತನ್ನು ಪೂರ್ತಿಯಾಗಿ ಕೇಳಿ ಉತ್ತರಿಸೋಣ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇದಕ್ಕೆಲ್ಲ ನಮ್ಮ ದೇವಾಲಯವೇ ಪಾಠಶಾಲೆಯಾಗಬಲ್ಲದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಇಂದು ಬಲಿಪೂಜೆಯಲ್ಲಿ ವಾಚನ ಮಾಡುವವರು ನಮ್ಮ ನಿಮ್ಮಂತಹ ಶ್ರೀಸಾಮಾನ್ಯರೇ. ವಾಚನವನ್ನು ಶನಿವಾರ ರಾತ್ರಿಯೇ ಗಟ್ಟಿಯಾಗಿ ಎರಡು ಸಲ ಓದಿ, ಅರ್ಥ ತಿಳಿದುಕೊಂಡು, ಕಠಿಣ ಹೆಸರುಗಳನ್ನು ರೂಢಿಸಿಕೊಂಡು ಬರುವವರು ಮೆಲ್ಲಮೆಲ್ಲನೆ ಸಭಾಕಂಪವನ್ನು ಗೆಲ್ಲುತ್ತಾರೆ.

ಪ್ರತಿ ಭಾನುವಾರ ಓದುವವರೇ ಓದದೆ, ಎಂದೂ ಓದದ ಒಬ್ಬ ತಾಯಿಗೆ, ಒಬ್ಬ ಯುವಕನಿಗೆ ಅವಕಾಶವಾಗಲಿ. ಅವರು ತಡವರಿಸಿದರೆ ನಾವು ನಗದಿರೋಣ. ಇಲ್ಲಿ ತಡವರಿಸುತ್ತ ಕಲಿತವರೇ ನಾಳೆ ಗ್ರಾಮಸಭೆಯಲ್ಲಿ ಬಾಯಿಲ್ಲದವರ ಪರವಾಗಿ ಎದ್ದು ನಿಲ್ಲುವರು.