ಮಗು ಮಾತಾಡುವ ಮೊದಲೇ ನೋಡಬೇಕಾದದ್ದು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ನಾನು ಈ ಶಾಲೆಯಿಂದ 1988ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ಟಿಸಿಎಚ್ ಮಾಡಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ. ಜೋಯಿಡಾ, ಮುಂಡಗೋಡ, ಹಳಿಯಾಳ ಮೂರೂ ತಾಲೂಕುಗಳಲ್ಲಿ ಕೆಲಸ ಮಾಡಿದ್ದೇನೆ, ಈಗ ದಾಂಡೇಲಿಯಲ್ಲಿ ಮನೆ. ಸಮಿತಿಯವರು ಶಾಲೆಯ ನೆನಪು ಹೇಳಿ ಎಂದರು. ನಿನ್ನೆಯಿಂದ ನೆನಪು ಹೇಳುವವರು ಬಹಳ ಮಂದಿ ಆಗಿದ್ದಾರೆ, ನನಗಿಂತ ಚೆನ್ನಾಗಿ ಹೇಳಿದ್ದಾರೆ. ಅದಕ್ಕೇ ನನಗೆ ಸಿಕ್ಕ ಇಪ್ಪತ್ತು ನಿಮಿಷವನ್ನು ಆಟಿಸಂ ಬಗ್ಗೆ ಮಾತಾಡಲು ಬಿಡಿ ಎಂದು ಕೇಳಿಕೊಂಡೆ. ಒಪ್ಪಿದರು. ಉದ್ಘಾಟನೆಗೆ ಪಟಾಕಿ ಹೊಡೆಯಬೇಡಿ ಎಂದೂ ಕೇಳಿಕೊಂಡಿದ್ದೆ, ಅದಕ್ಕೂ ಒಪ್ಪಿದರು. ಪಟಾಕಿ ಯಾಕಿಲ್ಲ ಎಂದು ನಿನ್ನೆ ಕೆಲವರು ಬೇಸರ ಮಾಡಿಕೊಂಡರಂತೆ. ಕಾರಣ ನಾನು. ನನ್ನ ಕಿರಿಯ ಮಗ ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ. ಅವನಿಗೆ ಆಟಿಸಂ ಇದೆ.

ಅವನು ಹುಟ್ಟಿದ್ದು 2003ರಲ್ಲಿ. ಗೊತ್ತಾದದ್ದು 2009ರಲ್ಲಿ. ನಡುವಿನ ಆರು ವರ್ಷ ಎಲ್ಲಿ ಹೋಯಿತು ಎಂಬುದನ್ನು ಹೇಳಿದರೆ ನನ್ನ ಅರ್ಧ ಭಾಷಣ ಮುಗಿದಂತೆ.

ಎರಡು ವರ್ಷವಾದರೂ ಅವನು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಯವರದು ಕೊಂಕಣಿ, ನನ್ನದು ಕನ್ನಡ, ಯಜಮಾನರ ಕೆಲಸದ ಕಡೆ ಮರಾಠಿ, ಪಕ್ಕದ ಮನೆಯಲ್ಲಿ ಉರ್ದು. ನಮ್ಮ ಸೀಮೆಯಲ್ಲಿ ಇದೇನು ವಿಶೇಷವಲ್ಲ. "ನಾಲ್ಕು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲ ಆಗ್ತದೆ, ತಡ ಆಗ್ತದೆ" ಎಂದು ಬೇರೆಯವರಲ್ಲ, ನಾನೇ ಹೇಳುತ್ತಿದ್ದೆ. ಶಿಕ್ಷಕಿ ಹೇಳಿದ ಮೇಲೆ ಮನೆಯವರೆಲ್ಲ ನಂಬಿದರು. ಅತ್ತೆಯವರು ಬಜೆ ತೇದು ಜೇನುತುಪ್ಪದಲ್ಲಿ ನಾಲಿಗೆಗೆ ಸವರಿದರು. ಉಳವಿ ಚನ್ನಬಸವಣ್ಣನಿಗೆ ಹರಕೆ ಹೊತ್ತೆವು. ಹರಕೆ ಹೊತ್ತದ್ದು ತಪ್ಪು ಅಂತ ಇವತ್ತಿಗೂ ನಾನು ಹೇಳುವುದಿಲ್ಲ. ಹರಕೆ ಹೊತ್ತು ಸುಮ್ಮನೆ ಕೂತದ್ದು ತಪ್ಪು. ನಾಲ್ಕನೇ ವರ್ಷಕ್ಕೆ ಒಬ್ಬ ವೈದ್ಯರಿಗೆ ತೋರಿಸಿದಾಗ "ಗಂಡುಮಕ್ಕಳು ತಡ, ಕಾಯಿರಿ" ಎಂದರು. ನನಗೂ ಅದೇ ಬೇಕಾಗಿತ್ತು, ಕಾದೆ.

ನಾಲ್ಕು ಭಾಷೆಯ ಮಾತು ಯಾಕೆ ಸುಳ್ಳು ಎಂದು ನನಗೆ ತಿಳಿಸಿದ್ದು ಪುಸ್ತಕವಲ್ಲ, ಮುಂಡಗೋಡ ತಾಲೂಕಿನ ಒಂದು ಗೌಳಿವಾಡದ ಹುಡುಗಿ. ಒಂದನೇ ತರಗತಿಗೆ ಬಂದಾಗ ಅವಳಿಗೆ ಕನ್ನಡದ ಒಂದು ಶಬ್ದ ಬರುತ್ತಿರಲಿಲ್ಲ. ಆದರೆ ಮೊದಲನೇ ದಿನವೇ ಕಿಟಕಿಯ ಹೊರಗೆ ಮಂಗ ಬಂದಾಗ ನನ್ನ ಸೀರೆ ಜಗ್ಗಿ, ಬೆರಳು ಮಾಡಿ, ಮಂಗನನ್ನು ನೋಡಿ, ಮತ್ತೆ ನನ್ನ ಮುಖ ನೋಡಿ ನಕ್ಕಳು. "ನೋಡಿದಿರಾ ಅಕ್ಕೋರೆ?" ಎಂದು ಬಾಯಿ ಬಿಟ್ಟು ಕೇಳುವುದೊಂದೇ ಬಾಕಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗನಿಗೆ ಐದು ತುಂಬಿತ್ತು. ಒಮ್ಮೆಯೂ ಅವನು ನನಗೆ ಏನನ್ನೂ ತೋರಿಸಿರಲಿಲ್ಲ. ಬಿಸ್ಕತ್ತು ಬೇಕಾದರೆ ನನ್ನ ಮಣಿಕಟ್ಟು ಹಿಡಿದು, ಮುಖ ನೋಡದೆ, ಡಬ್ಬಿಯ ಹತ್ತಿರ ಒಯ್ಯುತ್ತಿದ್ದ. ಅಟ್ಟದ ಮೇಲಿನದನ್ನು ತೆಗೆಯಲು ದೋಟಿ ಹಿಡಿಯುತ್ತೇವಲ್ಲ, ಹಾಗೆ ನನ್ನ ಕೈ ಹಿಡಿಯುತ್ತಿದ್ದ.

ಆದ್ದರಿಂದ ತಾಯಂದಿರಿಗೆ, ಅಂಗನವಾಡಿಯವರಿಗೆ ನಾನು ಹೇಳುವುದು ಇಷ್ಟು: ಮಾತನ್ನು ಲೆಕ್ಕ ಹಾಕುವ ಮೊದಲು ಬೆರಳು ನೋಡಿ, ಕಣ್ಣು ನೋಡಿ. ಒಂದು ವರ್ಷದ ಮಗು ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಒಂದೂವರೆ ವರ್ಷಕ್ಕೆ ಚಂದಿರನನ್ನೋ ನಾಯಿಯನ್ನೋ ಬೆರಳು ಮಾಡಿ ತೋರಿಸುತ್ತದೆಯೇ? ನೀವು ತೋರಿಸಿದ ಕಡೆ ನೋಡುತ್ತದೆಯೇ? ಟಾಟಾ ಮಾಡುತ್ತದೆಯೇ, ಸುಳ್ಳುಸುಳ್ಳೇ ಅಡುಗೆ ಮಾಡಿ ನಿಮಗೆ ಉಣಿಸುತ್ತದೆಯೇ? ಇದಕ್ಕೆ ಕನ್ನಡ ಬೇಡ, ಮರಾಠಿ ಬೇಡ, ಟಿಬೆಟನ್ ಕ್ಯಾಂಪಿನ ಮಗುವಾದರೂ ಸಿದ್ದಿ ಮಗುವಾದರೂ ಇದು ಒಂದೇ. ಆಮೇಲೆ ಮಾತಿನ ಲೆಕ್ಕ. 16 ತಿಂಗಳಿಗೆ ಯಾವ ಭಾಷೆಯಲ್ಲೂ ಒಂದು ಪದ ಇಲ್ಲದಿದ್ದರೆ, 2 ವರ್ಷಕ್ಕೆ ಎರಡು ಪದ ಸ್ವಂತವಾಗಿ ಜೋಡಿಸದಿದ್ದರೆ ತೋರಿಸಬೇಕು. ಆಡುತ್ತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ಕಾಯಬಾರದು. ಮನೆಯ ಭಾಷೆ ಬಿಟ್ಟು ಬರೀ ಕನ್ನಡವನ್ನೋ ಇಂಗ್ಲಿಷನ್ನೋ ಆಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಲವು ಭಾಷೆಯಿಂದ ಆಟಿಸಂ ಬರುವುದಿಲ್ಲ, ಅಜ್ಜಿಯ ಭಾಷೆ ಬಿಡಿಸಿದರೆ ಮಗುವಿಗೆ ಅಜ್ಜಿಯೂ ಹೋಗುತ್ತಾಳೆ.

ಇನ್ನೂ ಕೆಲವು ಚಿಹ್ನೆಗಳಿವೆ. ಆಟಿಕೆಯ ಗಾಡಿ ಓಡಿಸದೆ ಅದರ ಗಾಲಿಯನ್ನಷ್ಟೇ ತಿರುಗಿಸುವುದು, ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು, ಕೈ ಬಡಿಯುವುದು, ಕೇಳಿದ್ದನ್ನೇ ಮರುನುಡಿಯುವುದು, ದಿನದ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ ರಂಪ ಮಾಡುವುದು. ಇವುಗಳಲ್ಲಿ ಒಂದು ಕಂಡ ಕೂಡಲೇ ಹೆದರಬೇಡಿ, ಎಲ್ಲ ಮಕ್ಕಳೂ ಒಂದಿಷ್ಟು ಮಾಡುತ್ತಾರೆ. ಹಲವು ಸೇರಿ, ಬಿಡದೆ, ಜನರ ಜೊತೆ ಬೆರೆಯುವುದಕ್ಕೇ ಅಡ್ಡವಾದರೆ ತೋರಿಸಬೇಕು. ಗಂಡುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಇದ್ದರೂ "ಪಾಪ, ನಾಚಿಕೆ ಸ್ವಭಾವ" ಎಂದು ಬಿಟ್ಟುಬಿಡುತ್ತೇವೆ.

ಸದ್ದಿನ ವಿಷಯವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ನನ್ನ ಮಗನ ಕಥೆಯಲ್ಲ, ಅವನು ಹುಟ್ಟುವ ಮುಂಚಿನದು. 1998ರಲ್ಲಿ ಜೋಯಿಡಾ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ತಗಡಿನ ಮಾಡು. ಜೋಯಿಡಾದ ಮಳೆ ನಿಮಗೆ ಗೊತ್ತು, ತಗಡಿನ ಮೇಲೆ ಬಿದ್ದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಎರಡನೇ ತರಗತಿಯ ಒಬ್ಬ ಹುಡುಗ ಮಳೆ ಶುರುವಾದ ಕೂಡಲೇ ಕಿವಿ ಮುಚ್ಚಿ ಕಿರುಚುತ್ತಿದ್ದ, ಬೆಂಚಿನ ಕೆಳಗೆ ಸೇರುತ್ತಿದ್ದ. ಎಳೆದರೆ ಕಚ್ಚುತ್ತಿದ್ದ. ಹಟಮಾರಿ ಎಂದುಕೊಂಡು ಹೊಡೆದೆ. ಒಂದು ಸಲ ಅಲ್ಲ. ಜುಲೈ ಮುಗಿಯುವುದರೊಳಗೆ ಅವನು ಶಾಲೆ ಬಿಟ್ಟ. ನನಗೂ ತರಗತಿ ಹಗುರಾಯಿತು ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಹನ್ನೊಂದು ವರ್ಷದ ಮೇಲೆ ನನ್ನ ಮಗನ ಪರೀಕ್ಷೆಯ ದಿನ ವೈದ್ಯರು "ಮಿಕ್ಸರ್ ಸದ್ದಿಗೆ, ಬ್ಯಾಂಡಿನ ಸದ್ದಿಗೆ ಕಿವಿ ಮುಚ್ಚುತ್ತಾನಾ?" ಎಂದು ಕೇಳಿದಾಗ ಆ ಹುಡುಗ ಕಣ್ಣೆದುರು ಬಂದ. ಮುಂದಿನ ರಜೆಯಲ್ಲಿ ಅವನ ಊರಿಗೆ ಹೋದೆ. ಅವನು ದನ ಮೇಯಿಸಲು ಹೋಗಿದ್ದ. ಅಜ್ಜಿ ಇದ್ದಳು. ಮಳೆಗಾಲದಲ್ಲಿ ಅವನನ್ನು ತಗಡಿನ ಮನೆಯಲ್ಲಿ ಮಲಗಿಸುವುದಿಲ್ಲವಂತೆ, ಹುಲ್ಲು ಹೊದೆಸಿದ ಕೊಟ್ಟಿಗೆಯಲ್ಲಿ ಮಲಗಿಸುತ್ತಾಳಂತೆ. "ಅಲ್ಲಿ ಸದ್ದು ಇಲ್ಲ ನೋಡಿ ಅಕ್ಕೋರೆ, ಅವನಿಗೆ ಸದ್ದು ಆಗೂದಿಲ್ಲ" ಎಂದಳು. ಅವನಿಗೆ ಆಟಿಸಂ ಇತ್ತು ಎಂದು ನಾನು ಹೇಳಲಾರೆ, ಯಾರೂ ಪರೀಕ್ಷೆ ಮಾಡಿಲ್ಲ. ಆದರೆ ಅಕ್ಷರ ಬಾರದ ಆ ಅಜ್ಜಿಗೆ ಕಂಡದ್ದು ಟಿಸಿಎಚ್ ಮಾಡಿದ ನನಗೆ ಕಂಡಿರಲಿಲ್ಲ.

ಪತ್ತೆ ಹೇಗೆ ಮಾಡುತ್ತಾರೆ ಎಂದು ಬಹಳ ಜನ ಕೇಳುತ್ತಾರೆ. ರಕ್ತ ತೆಗೆದು, ತಲೆಯ ಸ್ಕ್ಯಾನ್ ಮಾಡಿ ಆಟಿಸಂ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಮೊದಲು ಕಿವಿ ಪರೀಕ್ಷೆ, ಕೇಳದ ಮಗುವೂ ಕರೆದರೆ ತಿರುಗುವುದಿಲ್ಲವಲ್ಲ. ಆಮೇಲೆ ಮಗುವನ್ನು ಆಡಲು ಬಿಟ್ಟು ನೋಡುತ್ತಾರೆ, ತಾಯಿ ತಂದೆಯನ್ನು ತಾಸುಗಟ್ಟಲೆ ಕೇಳುತ್ತಾರೆ. ನಮ್ಮ ದೇಶದಲ್ಲೇ ಸಿದ್ಧಪಡಿಸಿದ 'ಐಸಾ' ಎಂಬ ಅಳತೆಪಟ್ಟಿ ಇದೆ. 40 ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಇದೊಂದೇ ಪರೀಕ್ಷೆಯಲ್ಲಿ ಅಂಕ ಹೆಚ್ಚು ಬರದಿರಲಿ ಎಂದು ನಾನು ದೇವರಿಗೆ ಬೇಡಿಕೊಂಡದ್ದು. ನನ್ನ ಮಗನದು ಮಧ್ಯಮ.

ತಾಯಿ ಪ್ರೀತಿ ಕಡಿಮೆಯಾಗಿ ಹೀಗಾಗುತ್ತದೆ ಎಂದು ಹಿಂದೆ ದೊಡ್ಡ ದೊಡ್ಡ ವೈದ್ಯರೇ ಬರೆದಿದ್ದರು, ಅದು ಸುಳ್ಳೆಂದು ಎಂದೋ ತೀರ್ಮಾನವಾಗಿದೆ. ಲಸಿಕೆಯಿಂದ ಬರುತ್ತದೆ ಎಂದು 1998ರಲ್ಲಿ ಒಂದು ಲೇಖನ ಬಂತು, ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಲಸಿಕೆ ತಪ್ಪಿಸಬೇಡಿ. ಆಟಿಸಂ ತೆಗೆದುಹಾಕುವ ಔಷಧಿಯೂ ಇಲ್ಲ. ನಿದ್ದೆಗೆ, ಫಿಟ್ಸ್‌ಗೆ ಔಷಧಿ ಇದೆ. ಮಾತಿಗೆ, ನಡವಳಿಕೆಗೆ ತರಬೇತಿ ಇದೆ. ಮೂರು ತಿಂಗಳಲ್ಲಿ ಗುಣ ಎಂದು ಹೇಳಿ ಸಾವಿರಾರು ರೂಪಾಯಿ ಕೇಳುವವರ ಹತ್ತಿರ ನಾವೂ ಹೋಗಿ ಬಂದೆವು, ಒಂದು ಜೋಡಿ ಬಳೆ ಹೋಯಿತು.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಎನ್ನುತ್ತಾರೆ. ನನಗೆ ಆ ಶಬ್ದ ಅಷ್ಟು ಹಿಡಿಸುವುದಿಲ್ಲ. ನನ್ನ ಮಗ ತನ್ನಲ್ಲೇ ಲೀನವಾಗಿಲ್ಲ. ನಾನು ಊಟ ಮಾಡದೆ ಮಲಗಿದರೆ ತಟ್ಟೆ ತಂದು ಪಕ್ಕದಲ್ಲಿ ಇಡುತ್ತಾನೆ. ಮುಖ ನೋಡುವುದಿಲ್ಲ, ಅಷ್ಟೇ.

ಈಗ ಎಲ್ಲಿಗೆ ಹೋಗಬೇಕು ಎಂಬ ಮಾತು. ತಾಯಿ ಕಾರ್ಡಿನಲ್ಲಿ ನಾವು ಲಸಿಕೆಯ ಪುಟ ಮಾತ್ರ ನೋಡುತ್ತೇವೆ, ಮಗು ಯಾವ ತಿಂಗಳಿಗೆ ಏನು ಮಾಡಬೇಕು ಎಂಬ ಚಿತ್ರಗಳೂ ಅದರಲ್ಲಿವೆ. ಆರ್‌ಬಿಎಸ್‌ಕೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅವತ್ತು ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ಕಾರವಾರಕ್ಕೆ ಘಟ್ಟ ಇಳಿಯಬೇಕು, ಹಳಿಯಾಳ ದಾಂಡೇಲಿಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ. ಮಾತು ಮತ್ತು ಶ್ರವಣಕ್ಕೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಯುಡಿಐಡಿ ಅರ್ಜಿ ತುಂಬಿಸಿಕೊಡುತ್ತಾರೆ.

ನನ್ನ ಮಗನಿಗೆ ಮೊದಲು ಸಿಕ್ಕ ಪ್ರಮಾಣಪತ್ರದಲ್ಲಿ 'ಬುದ್ಧಿಮಾಂದ್ಯ' ಎಂದು ಬರೆದಿತ್ತು. 1995ರ ಅಂಗವಿಕಲರ ಕಾಯಿದೆಯ ಏಳು ವಿಧಗಳಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯಿದೆಯ 21ರಲ್ಲಿ ಅದೂ ಒಂದು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಎಂದು ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಇಂಥ ಮಗು ನಮ್ಮಲ್ಲಿ ಬೇಡ ಎಂದು ಯಾವ ಮಾಸ್ತರರೂ ಹೇಳುವಂತಿಲ್ಲ. ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಕೇಳಿ ಕರೆಸಿಕೊಳ್ಳಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕ, ಎಲ್ಲಕ್ಕೂ ಅವಕಾಶ ಇದೆ.

ನನ್ನ ಮಗ ಎಸ್‌ಎಸ್‌ಎಲ್‌ಸಿ ಮುಟ್ಟಲಿಲ್ಲ. ಏಳನೇ ತರಗತಿಗೆ ನಿಂತ. ಈಗ ಅವನ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಬೇಳೆ, ಸಕ್ಕರೆ ತೂಗಿ ಪೊಟ್ಟಣ ಕಟ್ಟುತ್ತಾನೆ. ತೂಕದಲ್ಲಿ ಒಂದು ಗ್ರಾಂ ಹೆಚ್ಚುಕಡಿಮೆ ಆಗಲು ಬಿಡುವುದಿಲ್ಲ, ಅದರಿಂದ ಮಾವನಿಗೆ ಕೆಲವೊಮ್ಮೆ ತೊಂದರೆಯೂ ಆಗುತ್ತದೆ. ಎರಡನೇ ವರ್ಷಕ್ಕೇ ಕರೆದುಕೊಂಡು ಹೋಗಿದ್ದರೆ ಇನ್ನೂ ಹೆಚ್ಚು ಮಾತು ಬರುತ್ತಿತ್ತೇ ಎಂದು ಕೇಳಿದೆ. ವೈದ್ಯರು ಹೇಳಲಿಲ್ಲ, ನನ್ನ ಮುಖ ನೋಡಿ ಸುಮ್ಮನಾದರು.

ಊಟ ಆದಮೇಲೆ ನಾನು ಎಂಟನೇ ತರಗತಿಯ 'ಬಿ' ಕೋಣೆಯಲ್ಲಿ ಐದು ಗಂಟೆಯವರೆಗೆ ಇರುತ್ತೇನೆ. ನಾನು ವೈದ್ಯೆಯಲ್ಲ, ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಹೇಳಲಾರೆ. ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು ಎಂದು ಹೇಳಬಲ್ಲೆ. ಯಾರಿಗೂ ಹೇಳದೆ ಬರಬೇಕು ಅನ್ನುವವರಿಗೆ ಹಿಂದಿನ ಬಾಗಿಲು ತೆರೆದಿರುತ್ತದೆ. ನಾವು ಓದುವಾಗ ತಡವಾಗಿ ಬಂದವರು ನುಸುಳುತ್ತಿದ್ದ ಬಾಗಿಲೇ ಅದು.