ಮನಸ್ಸಿನ ಕಾಯಿಲೆ, ಕಾನೂನು ಮತ್ತು ನಾವು

(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಹಬ್ಬದಂಥ ಈ ದಿನ ಹುಚ್ಚು, ಆಸ್ಪತ್ರೆ, ಕಾನೂನು ಎಂದು ಮಾತಾಡುವುದು ಕೆಲವರಿಗೆ ಸರಿಕಾಣದಿರಬಹುದು. ಆದರೆ ವಕೀಲಿ ಮಾಡುವ ನಾನು ಹಳ್ಳಿಯ ವ್ಯಾಜ್ಯಗಳಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ: "ಅವನಿಗೆ ತಲೆ ಸರಿಯಿಲ್ಲ ಸ್ವಾಮಿ, ಅವನನ್ನೇನು ಕೇಳೋದು?" ಈ ಒಂದು ಮಾತಿನಿಂದ ಒಬ್ಬ ಮನುಷ್ಯನ ಜಮೀನು, ಔಷಧಿ, ಮನೆಯೊಳಗಿನ ಮರ್ಯಾದೆ ಎಲ್ಲವೂ ಬೇರೆಯವರ ಕೈಗೆ ಹೋಗಿಬಿಡುತ್ತದೆ. ಈಗಿನ ಕಾನೂನು ಈ ಮಾತನ್ನು ಒಪ್ಪುವುದಿಲ್ಲ.

1912ರ ಬ್ರಿಟಿಷ್ ಕಾಯ್ದೆಯ ಹೆಸರೇ ಲೂನಸಿ ಆಕ್ಟ್. 1987ರಲ್ಲಿ ಹೆಸರು ಸುಧಾರಿಸಿತು, ದೃಷ್ಟಿ ಅಷ್ಟಾಗಿ ಬದಲಾಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 25ಕ್ಕೂ ಹೆಚ್ಚು. ಅಂಥ ಕಡೆ ರೋಗಿಗಳನ್ನು ಬಿಟ್ಟುಬರುವವರು ಶತ್ರುಗಳಲ್ಲ, ಗುಣವಾದೀತೆಂದು ನಂಬಿದ ಮನೆಯವರೇ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮನಸ್ಸಿನ ಕಾಯಿಲೆ ಇರುವವರನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ.

ಈ ಕಾಯ್ದೆಯ ಜೀವ ಇರುವುದು ನಾಲ್ಕನೆಯ ಕಲಮಿನಲ್ಲಿ. ಕಾಯಿಲೆ ಇದ್ದವರೂ ಸೇರಿದಂತೆ ಪ್ರತಿಯೊಬ್ಬರಿಗೂ ತಮ್ಮ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯ ಇದೆ ಎಂದೇ ಅದು ಹೊರಡುತ್ತದೆ. ಹೇಳಿದ್ದು ತಿಳಿಯಬೇಕು, ಅಥವಾ ಒಪ್ಪಿದರೆ ಬಿಟ್ಟರೆ ಏನಾದೀತೆಂದು ಅಂದಾಜಿರಬೇಕು, ಅಥವಾ ನಿರ್ಧಾರವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಬರಬೇಕು. ರಾತ್ರಿ ಯಾರದೋ ದನಿ ಕೇಳಿಸುವ ವ್ಯಕ್ತಿಯೊಬ್ಬ, "ಈ ಮಾತ್ರೆ ತಿಂದರೆ ಬೆಳಿಗ್ಗೆ ಹೊಲಕ್ಕೆ ಹೋಗಲಾಗದಷ್ಟು ನಿದ್ದೆ ಬರುತ್ತೆ, ಬೇರೆ ಕೊಡಿ" ಎಂದರೆ ಅದು ಹುಚ್ಚಲ್ಲ, ವಿವೇಚನೆ. ಅದೇ ವ್ಯಕ್ತಿ ಕಾಯಿಲೆ ಉಲ್ಬಣಿಸಿ ಅನ್ನದಲ್ಲಿ ವಿಷವಿದೆಯೆಂದು ದಿನಗಟ್ಟಲೆ ಉಪವಾಸ ಬಿದ್ದಾಗ ಆ ಸಾಮರ್ಥ್ಯ ಕುಂದಿರಬಹುದು. ಆಗ ಅವನ ಒಪ್ಪಿಗೆಯಿಲ್ಲದೆಯೂ ದಾಖಲಿಸಲು ದಾರಿಯಿದೆ. ಆದರೆ ಮೊದಲ ಹಂತದಲ್ಲಿ ಅದು 30 ದಿನಕ್ಕೆ ಸೀಮಿತ, ಪ್ರತಿ ಏಳು ದಿನಕ್ಕೊಮ್ಮೆ ಸಾಮರ್ಥ್ಯ ಮರಳಿದೆಯೇ ಎಂದು ನೋಡಲೇಬೇಕು. ಇನ್ನೊಂದು ಮಾತು: ನಿರ್ಧಾರ ನಮಗೆ ತಪ್ಪೆಂದು ಕಂಡ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಹಾಗೆನ್ನುವುದಾದರೆ ನಮ್ಮಲ್ಲಿ ಚುನಾವಣೆಗೆ ನಿಂತವರೆಷ್ಟು ಜನ ಪಾರಾಗುತ್ತಿದ್ದರೋ!

ಆಸ್ತಿ ವಿಷಯಕ್ಕೆ ಬರೋಣ. ಆಸ್ಪತ್ರೆಯ ಚೀಟಿ ತೋರಿಸಿ ಅಣ್ಣನೋ ತಮ್ಮನೋ "ಇವನ ಸಹಿ ನಡೆಯಲ್ಲ" ಎಂದರೆ ಸಾಲದು. ಕಾಯಿಲೆ ಇದೆ ಎಂದಷ್ಟಕ್ಕೇ ಒಬ್ಬನನ್ನು ಅಸ್ವಸ್ಥಚಿತ್ತನೆಂದು ತಿಳಿಯುವಂತಿಲ್ಲ, ನ್ಯಾಯಾಲಯ ಹಾಗೆ ಘೋಷಿಸಬೇಕು. 1872ರ ಕರಾರು ಕಾಯ್ದೆಯೇ, ಬುದ್ಧಿ ತಿಳಿಯಾದ ಹೊತ್ತಿನಲ್ಲಿ ಅಂಥವರೂ ಕರಾರು ಮಾಡಬಹುದು ಎಂದಿದೆ. ಹಾಗೆಂದು ಎಲ್ಲವೂ ನೇರವಾಗಿಲ್ಲ. ಆಸ್ತಿ ನೋಡಿಕೊಳ್ಳಲು ಪೋಷಕರನ್ನು ನೇಮಿಸಲು 1987ರ ಕಾಯ್ದೆಯಲ್ಲಿದ್ದ ಜಿಲ್ಲಾ ನ್ಯಾಯಾಲಯದ ದಾರಿಯನ್ನು 2017ರದ್ದು ಮುಂದುವರಿಸಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಉಂಟು, ಅಲ್ಲಿಯೂ ಆ ವ್ಯಕ್ತಿಯ ಜೊತೆಗೂಡಿಯೇ ನಿರ್ಧರಿಸಬೇಕು. ಪ್ರಜ್ಞೆಯೇ ಇಲ್ಲದೆ ಮಲಗಿರುವವರ ಕುಟುಂಬಗಳು ಹೈಕೋರ್ಟಿಗೆ ಅಲೆಯಬೇಕಾಗಿದೆ. ಇದು ಕೊರತೆ ಎಂದೇ ನನ್ನ ಅಭಿಪ್ರಾಯ.

ಗುರುಗಳಿಗೊಂದು ಮಾತು. ಆತ್ಮಹತ್ಯೆಗೆ ಯತ್ನಿಸಿದ ಮಗುವನ್ನು ಪೊಲೀಸರ ಭಯದಿಂದ "ಹೊಟ್ಟೆನೋವು" ಎಂದು ಮುಚ್ಚಿಡುವ ಮನೆಗಳು ಇನ್ನೂ ಇವೆ. 2017ರ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಶಿಕ್ಷೆಯಿಂದ ಉಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರನನ್ನು ಬೆದರಿಸಲು ಹಾಗೆ ಮಾಡಿದರೆ ಮಾತ್ರ ಅಪರಾಧ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ದಯವಿಟ್ಟು ಶಾಲೆಯ ಗೋಡೆಯ ಮೇಲೆ ಬರೆಸಿ.

ಕೊನೆಯದಾಗಿ, ಚೆನ್ನಾಗಿರುವಾಗಲೇ ನಮ್ಮ ಪರವಾಗಿ ನಿಲ್ಲುವವರು ಯಾರೆಂದು ನಾವೇ ಹೆಸರಿಸಬಹುದು. ಬಿಳಿ ಹಾಳೆ ಸಾಕು, ಸಹಿ ಅಥವಾ ಹೆಬ್ಬೆಟ್ಟು. ಛಾಪಾ ಕಾಗದ ಬೇಡ, ಮನಸ್ಸು ಬದಲಾದರೆ ಹೆಸರೂ ಬದಲಾಯಿಸಬಹುದು. ಊಟವಾದ ಮೇಲೆ ಹತ್ತನೇ ತರಗತಿಯ ಕೊಠಡಿಯಲ್ಲಿ ನಾಲ್ಕು ಗಂಟೆಯವರೆಗೆ ಇರುತ್ತೇನೆ, ಬರೆಯಲು ನೆರವು ಬೇಕಾದವರು ಬನ್ನಿ.