ಅಕ್ಕಸಾಲಿಗನೂ ಅಕ್ಕನ ಚಿನ್ನವೂ

ಕನ್ನಡದ ಗಾದೆಗಳು ಯಾವ ಕಸುಬಿನವನನ್ನೂ ಸುಮ್ಮನೆ ಬಿಟ್ಟಿಲ್ಲ. ಆದರೆ ಅಕ್ಕಸಾಲಿಗನ ಮೇಲೆ ಅವುಗಳಿಗಿರುವಷ್ಟು ಸಂಶಯ ಮತ್ತಾರ ಮೇಲೂ ಇದ್ದಂತೆ ಕಾಣದು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಮಾತು ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಅದೊಂದು ಆರೋಪವೆಂಬ ಅರಿವು ಕೂಡ ಆಡುವವರಿಗೆ ಇರುವುದಿಲ್ಲ. ಆ ಗಾದೆಯನ್ನೇ ಇಂದು ಸ್ವಲ್ಪ ಒರೆಗೆ ಹಚ್ಚಿ ನೋಡೋಣವೆಂದು ನನ್ನ ಆಸೆ. ಶ್ರೋತೃಗಳಲ್ಲಿ ಅಕ್ಕಂದಿರೂ ಇದ್ದಾರೆ, ಅಕ್ಕಸಾಲಿಗರೂ ಇದ್ದಾರೆ. ಇಬ್ಬರೂ ತಾಳ್ಮೆಯಿಂದ ಕೇಳಬೇಕು.

ಈ ಸಂಶಯ ನಿನ್ನೆ ಮೊನ್ನೆಯದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನದ ಕೆಲಸ ನಡೆಯುವ ಮನೆಗೆ ಅಕ್ಷಶಾಲೆಯೆಂದು ಹೆಸರು. ಆ ಅಕ್ಷಶಾಲೆಗೆ ಒಂದೇ ಬಾಗಿಲಿರಬೇಕು. ಒಳಗಿನ ನಾಲ್ಕು ಕೋಣೆಗಳು ಒಂದರೊಳಗಿಂದ ಒಂದಕ್ಕೆ ಹಾದಿಯಿಲ್ಲದಂತಿರಬೇಕು. ಕೆಲಸಗಾರರನ್ನು ಬರುವಾಗಲೂ ಹೋಗುವಾಗಲೂ ಶೋಧಿಸಬೇಕು. ಇಷ್ಟು ಸಾಲದೆಂದು ಚಿನ್ನ ಕದಿಯುವ ಉಪಾಯಗಳು ಐದು ಎಂದು ಎಣಿಸಿ, ಒಂದೊಂದಕ್ಕೂ ಒಂದು ಹೆಸರಿಟ್ಟು ಶಾಸ್ತ್ರಕಾರ ವಿವರಿಸುತ್ತಾನೆ. ತಕ್ಕಡಿಯ ಮೋಸದಿಂದ ಹಿಡಿದು ಒಳಗೆ ಬೇರೆ ಲೋಹವಿಟ್ಟು ಮೇಲೆ ಚಿನ್ನದ ತಗಡು ಹೊದಿಸುವವರೆಗೆ ಅದರಲ್ಲಿ ಎಲ್ಲವೂ ಉಂಟು. ಓದಿದಾಗ, ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಬೇರೆ ಬೇಕಿಲ್ಲವೆನಿಸುತ್ತದೆ.

ಅರಸನಿಗೆ ಅಕ್ಷಶಾಲೆ ಕಟ್ಟಿಸುವ ಸಾಮರ್ಥ್ಯವಿತ್ತು. ಗೃಹಸ್ಥನು ಕಂಡುಕೊಂಡದ್ದು ಬೇರೆ ಉಪಾಯ. ಅಕ್ಕಸಾಲಿಗನನ್ನೇ ಮನೆಗೆ ಕರೆಸಿ, ಜಗಲಿಯ ಮೇಲೆ ಕೂರಿಸಿ, ಕಣ್ಣೆದುರಿನಲ್ಲಿಯೇ ಕೆಲಸ ಮಾಡಿಸುವುದು. ಮದುವೆಯ ಹಿಂದಿನ ತಿಂಗಳುಗಳಲ್ಲಿ ಅಗ್ಗಿಷ್ಟಿಕೆ, ಮೂಸೆ, ಅಡೆಗಲ್ಲು, ಚಿಮ್ಮಟ, ಊದುಗೊಳವೆಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಮನೆಗೆ ಬರುತ್ತಿದ್ದವು. ಮನೆಯ ಹಿರಿಯರೊಬ್ಬರು ಎಲೆಯಡಿಕೆಯ ತಟ್ಟೆಯೊಡನೆ ಅಲ್ಲಿಯೇ ಕುಳಿತಿರುತ್ತಿದ್ದರು. ಅದು ಮರ್ಯಾದೆಯೂ ಹೌದು, ಪಹರೆಯೂ ಹೌದು. ಹೀಗೆ ಕಾವಲಿಗೆ ಕುಳಿತ ಎಷ್ಟೋ ಮಂದಿ ದಿನ ಕಳೆದಂತೆ ಆ ಕೆಲಸದ ರಸಿಕರಾಗಿಬಿಡುತ್ತಿದ್ದರೆಂಬುದು ಈ ಏರ್ಪಾಡಿನ ಒಂದು ಅನಿರೀಕ್ಷಿತ ಲಾಭ.

ಅವರು ಕಾಣುತ್ತಿದ್ದುದಾದರೂ ಏನು? ಚಿನ್ನ ಮೂಸೆಯಲ್ಲಿ ಕರಗುತ್ತದೆ. ಶುದ್ಧ ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದನ್ನು ಅಳೆಯಲು ಆತನಲ್ಲಿ ಇದ್ದ ಉಪಕರಣ ಕಣ್ಣೊಂದೇ. ಕೆಂಡದ ಬಣ್ಣ, ಕಾದ ಲೋಹದ ಬಣ್ಣ, ಇವೇ ಅಳತೆ. ಅಕ್ಕಸಾಲಿಗನ ಅಂಗಡಿ ಸಾಮಾನ್ಯವಾಗಿ ಮಬ್ಬುಗತ್ತಲೆಯಲ್ಲಿರುತ್ತಿದ್ದುದಕ್ಕೆ ಬಡತನವೊಂದೇ ಕಾರಣವಲ್ಲ. ಬೆಳಕು ಹೆಚ್ಚಾದರೆ ಕಾವಿನ ಬಣ್ಣ ಕಣ್ಣಿಗೆ ತಿಳಿಯದು. ಕರಗಿದ ಚಿನ್ನ ಸಲಾಕೆಯಾಗುತ್ತದೆ, ಸಲಾಕೆಯನ್ನು ಬಡಿಯುತ್ತಾನೆ. ಪೆಟ್ಟು ತಿಂದಷ್ಟೂ ಚಿನ್ನ ಗಡುಸಾಗುತ್ತದೆ, ಇನ್ನೊಂದು ಪೆಟ್ಟು ಹೆಚ್ಚಾದರೆ ಬಿರುಕು ಬಿಡುತ್ತದೆ. ಆದುದರಿಂದ ನಡುನಡುವೆ ಅದನ್ನು ಮತ್ತೆ ಬೆಂಕಿಗೆ ಹಿಡಿದು ಮೆತ್ತಗಾಗಿಸಬೇಕು. ಯಾವ ಪೆಟ್ಟಿಗೆ ನಿಲ್ಲಿಸಬೇಕೆಂಬುದನ್ನು ಸುತ್ತಿಗೆಯ ದನಿಯೇ ಹೇಳುತ್ತದೆ. ಆಮೇಲೆ, ಸಾಲಾಗಿ ಕಿರಿದಾಗುತ್ತ ಹೋಗುವ ತೂತುಗಳುಳ್ಳ ಉಕ್ಕಿನ ಪಟ್ಟಿಯೊಳಗಿಂದ ಅದನ್ನು ಎಳೆದು ತಂತಿ ಮಾಡುತ್ತಾನೆ. ಒಂದು ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರಿಗೂ ಮೀರಿ ಎಳೆಯಬಹುದಂತೆ. ಒಡವೆಗೆ ಅಷ್ಟು ಬೇಕಿಲ್ಲ, ಕೂದಲೆಳೆಯಷ್ಟು ಸಾಕು.

ಬೆಸುಗೆಯ ಕೆಲಸವಂತೂ ಉಸಿರಿನ ಕೆಲಸವೇ. ಎಣ್ಣೆಯ ದೀಪದ ಕುಡಿಯನ್ನು ಊದುಗೊಳವೆಯಿಂದ ಬಾಗಿಸಿ, ಸಾಸಿವೆಯಷ್ಟು ಜಾಗಕ್ಕೆ ಮಾತ್ರ ತಾಕಿಸಬೇಕು. ಉಸಿರು ಕಡಿದರೆ ಬೆಸುಗೆ ಕೆಟ್ಟಿತು. ಆದ್ದರಿಂದ ಆತ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಎಳೆಯುತ್ತ ಬಾಯಿಂದ ಬಿಡುತ್ತ, ನಡುವೆ ಬಿರುಕಿಲ್ಲದ ಹಾಗೆ ಊದುತ್ತಾನೆ. ನಾಗಸ್ವರದವರು ಮಾಡುವ ಸಾಧನೆಯೂ ಇದೇ. ಅವರಿಗೆ ಸಭೆಯಲ್ಲಿ ಶಾಲು ಸಿಗುತ್ತದೆ, ಇವನಿಗೆ ಗಾದೆ.

ಹೀಗೆ ಹುಟ್ಟಿದ ಒಡವೆ ಮತ್ತೊಂದರಂತಿರುವುದು ಸಾಧ್ಯವಿಲ್ಲ. ಇದಕ್ಕೆ ಎಲ್ಲರ ಮನೆಯಲ್ಲಿಯೂ ಒಂದು ಸಾಕ್ಷಿಯಿರುತ್ತಿತ್ತು. ಹಳೆಯ ಬೆಂಡೋಲೆಗಳ ತಿರುಪನ್ನು ನೋಡಿರಿ. ಎಡಗಿವಿಯ ಓಲೆಯ ತಿರುಪು ಬಲಗಿವಿಯದಕ್ಕೆ ಕೂಡುವುದಿಲ್ಲ. ಒಂದೇ ಕೈ, ಒಂದೇ ದಿನ, ಒಂದೇ ಚಿನ್ನದಿಂದ ಮಾಡಿದ ಜೋಡಿಯಾದರೂ ಎರಡರ ಸುತ್ತುಗಳನ್ನು ಬೇರೆ ಬೇರೆಯಾಗಿಯೇ ಕೊರೆದದ್ದು. ನಮ್ಮ ಅಜ್ಜಿಯರು ಅದಲುಬದಲಾಗದಿರಲೆಂದು ಒಂದಕ್ಕೆ ಗುರುತಿಗಾಗಿ ದಾರದ ಎಳೆ ಕಟ್ಟಿಡುತ್ತಿದ್ದರು. ಇಂದಿನ ಯಂತ್ರದ ಓಲೆಗೆ ಆ ತೊಂದರೆಯಿಲ್ಲ. ಒಂದು ಕಳೆದರೆ ಅಂಗಡಿಯಿಂದ ಇನ್ನೊಂದು ತಂದರಾಯಿತು. ಅದು ಅನುಕೂಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಹೆಸರುಗಳನ್ನೇ ನೋಡಿ: ಅವಲಕ್ಕಿ ಸರ, ಗೋಧಿಕಾಳಿನ ಸರ, ಬೋರೆಹಣ್ಣಿನಂಥ ಗುಂಡುಗಳ ಬೋರಮಾಳ, ನಾಗಮುರಿಗೆ, ವಂಕಿ, ಬುಗುಡಿ. ಉತ್ತರ ಕರ್ನಾಟಕದ ಪತ್ತಾರರು ಅಡುಗೆಮನೆಯಿಂದಲೂ ಹೊಲದಿಂದಲೂ ಆಕಾರಗಳನ್ನು ಆಯ್ದುಕೊಂಡರು. ಕೊಡಗಿನವರ ಕೊಕ್ಕೆತಾತಿಗೆ ಅರ್ಧಚಂದ್ರನ ಆಕಾರ, ಅಂಚಿಗೆ ಮುತ್ತು. ಅವರ ಜೋಮಾಲೆಯ ಚಿನ್ನದ ಮಣಿಗಳ ಒಳಗೆ ತುಂಬಿರುವುದು ಅರಗು. ಅರಗು ತುಂಬುವುದನ್ನು ಮೋಸವೆಂದು ತಿಳಿಯಬಾರದು. ತೆಳು ತಗಡಿನ ಮಣಿ ನಜ್ಜುಗುಜ್ಜಾಗದಂತೆ ಒಳಗಿನಿಂದ ಅದು ಆಧಾರ ಕೊಡುತ್ತದೆ. ಸ್ವಲ್ಪ ಚಿನ್ನದಲ್ಲಿ ತುಂಬು ಕೊರಳು ಕಾಣಬೇಕೆಂಬ ಮನೆಗಳಿಗೆ ಕಸುಬು ಕೊಟ್ಟ ಉತ್ತರ ಅದು.

ಈಗ ಗಾದೆಗೆ ಬರೋಣ. ಚಿನ್ನಕ್ಕೆ ಚಿನ್ನವನ್ನು ಬೆಸೆಯಬೇಕಾದರೆ, ಬೆಸುಗೆಯ ಲೋಹ ಒಡವೆಗಿಂತ ಮೊದಲು ಕರಗಬೇಕು. ಇಲ್ಲವಾದರೆ ಒಡವೆಯೇ ಕರಗಿ ಹೋದೀತು. ಅದಕ್ಕಾಗಿ ಚಿನ್ನಕ್ಕೆ ಬೆಳ್ಳಿ ತಾಮ್ರಗಳನ್ನು ಬೆರೆಸಿ ಬೆಸುಗೆಯನ್ನು ಸಿದ್ಧಪಡಿಸುತ್ತಾರೆ. ಬಿಳಿಗಾರ ಹಚ್ಚಿ ಅದನ್ನು ಹರಿಯಿಸುತ್ತಾರೆ. ಎಂದ ಮೇಲೆ ಒಂದೊಂದು ಬೆಸುಗೆಯೊಡನೆಯೂ ಒಡವೆಯ ಒಟ್ಟು ಶುದ್ಧಿ ಕೂದಲಷ್ಟು ಇಳಿಯುತ್ತದೆ. ಗಟ್ಟಿ ಬಳೆಗೆ ಒಂದೇ ಬೆಸುಗೆ. ಗುಂಡು, ಸುರುಳಿ, ಗೊಂಚಲುಗಳ ಜಡೆಬಿಲ್ಲೆಗೆ ನೂರಾರು. ಮೂವತ್ತು ವರ್ಷಗಳ ಮೇಲೆ ಮೊಮ್ಮಗಳ ಮದುವೆಗೆಂದು ಅದನ್ನು ಮುರಿಸಿ ಕರಗಿಸಿದಾಗ ಚಿನ್ನ ಕಡಿಮೆ ಬರುತ್ತದೆ. ಅರದಲ್ಲಿ ಉಜ್ಜಿದ್ದು, ಮೆರುಗು ಕೊಡುವಾಗ ಹೋದದ್ದು, ಧರಿಸಿ ಸವೆದದ್ದು, ಇವೆಲ್ಲ ಸೇರಿ ತೇಮಾನವೆಂಬ ಒಂದೇ ಮಾತಿನಲ್ಲಿ ಅಡಗುತ್ತವೆ. ಮನೆಯವರು ತಕ್ಕಡಿಯನ್ನು ನೋಡುತ್ತಾರೆ, ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ, ತೀರಿಹೋದ ಅಕ್ಕಸಾಲಿಗನನ್ನು ನೆನೆಯುತ್ತಾರೆ.

ಅಂದರೆ, ಕೆಲಸ ಸೂಕ್ಷ್ಮವಾದಷ್ಟೂ ಅಪವಾದ ಹೆಚ್ಚು. ಒರಟು ಕೆಲಸದವನು ಪ್ರಾಮಾಣಿಕನೆನ್ನಿಸಿಕೊಂಡ, ಕುಶಲಿ ಕಳ್ಳನಾದ. ಕದ್ದವರು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಕೌಟಿಲ್ಯ ಸುಮ್ಮನೆ ಐದು ಉಪಾಯಗಳನ್ನು ಬರೆಯಲಿಲ್ಲ. ಆದರೆ ಗಾದೆ ಕಟ್ಟಿದವರು ಲೋಹದ ಸ್ವಭಾವವನ್ನೂ ಮನುಷ್ಯನ ಸ್ವಭಾವವನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಿಬಿಟ್ಟರೆಂದು ನನಗೆ ತೋರುತ್ತದೆ. ಮುಂದೆ ಈ ದೂರನ್ನು ನಿವಾರಿಸಲೆಂದೇ ಕ್ಯಾಡ್ಮಿಯಂ ಬೆಸುಗೆ ಬಂದಿತು. ಕೆಡಿಎಂ ಒಡವೆಯೆಂದು ಅಂಗಡಿಗಳ ಫಲಕಗಳಲ್ಲಿ ನೀವು ಓದಿರಬಹುದು. ಕ್ಯಾಡ್ಮಿಯಂ ಬೇಗ ಕರಗುತ್ತದೆ, ಸ್ವಲ್ಪ ಬೆರೆಸಿದರೆ ಸಾಕು. ಚಿನ್ನದ ಶುದ್ಧಿ ಉಳಿಯುತ್ತದೆ. ಆದರೆ ಕಾಯಿಸಿದಾಗ ಏಳುವ ಅದರ ಹೊಗೆ ವಿಷ. ಊದುಗೊಳವೆ ಹಿಡಿದು ದೀಪದ ಮೇಲೆ ಬಾಗಿ ಕುಳಿತವನ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಅದು ಇಳಿಯುತ್ತದೆ. ಕೊಳ್ಳುವವರ ಸಂಶಯ ನೀಗಲು ಮಾಡುವವನು ತೆತ್ತ ಬೆಲೆ ಅದು. ಈಗ ಅದರ ಬಳಕೆಗೆ ನಿಷೇಧವಿದೆ, ಬೇರೆ ಲೋಹಗಳು ಬಂದಿವೆ.

ಸಂಶಯಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1963ರ ಜನವರಿಯಲ್ಲಿ. ಹಿಂದಿನ ವರ್ಷವಷ್ಟೇ ಚೀನದೊಡನೆ ಯುದ್ಧ ನಡೆದಿತ್ತು. ವಿದೇಶಿ ವಿನಿಮಯ ಸೋರುತ್ತಿತ್ತು, ಕಳ್ಳಸಾಗಣೆಯ ಚಿನ್ನ ಒಳಗೆ ಬರುತ್ತಿತ್ತು. ಆಗ ಹಣಕಾಸು ಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದರು. 14 ಕ್ಯಾರಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದೆಂಬುದು ಅದರ ಮುಖ್ಯ ವಿಧಿ. ಕಾಗದದ ಮೇಲೆ ಅದೊಂದು ಸಂಖ್ಯೆ. ಕುಲುಮೆಯ ಮುಂದೆ ಅದು ಬೇರೆಯೇ ಲೋಹ. 22 ಕ್ಯಾರಟ್ ಎಂದರೆ ನೂರಕ್ಕೆ ಸುಮಾರು 92 ಪಾಲು ಚಿನ್ನ. 14 ಎಂದರೆ 58 ಪಾಲು ಮಾತ್ರ. ಬಣ್ಣ ಬೇರೆ, ಗಡಸುತನ ಬೇರೆ. ತಲೆಮಾರುಗಳಿಂದ ಮೆದು ಚಿನ್ನಕ್ಕೆ ಪಳಗಿದ ಕೈಗೆ, ಅದಕ್ಕೆ ತಕ್ಕಂತಿದ್ದ ಸುತ್ತಿಗೆಗೆ ಅದು ಮಣಿಯಲಿಲ್ಲ. ಕೊಳ್ಳುವವರೂ ಅದನ್ನು ಚಿನ್ನವೆಂದು ಒಪ್ಪಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸವಿಲ್ಲದೆ ಕುಳಿತರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಪಾರ್ಲಿಮೆಂಟಿನಲ್ಲಿ ಅವರ ವಿಷಯ ಚರ್ಚೆಗೆ ಬಂದಿತು. 14 ಕ್ಯಾರಟ್ಟಿನ ಕಟ್ಟು 1966ರಲ್ಲಿ ಸಡಿಲವಾಯಿತು. ಆದರೆ 1968ರಲ್ಲಿ ಕಾಯಿದೆಯೇ ಬಂದು, ಪ್ರಮಾಣಪತ್ರ, ದಾಖಲೆಪುಸ್ತಕ, ಇಟ್ಟುಕೊಳ್ಳಬಹುದಾದ ಚಿನ್ನಕ್ಕೆ ಮಿತಿ ಎಲ್ಲವೂ ಮುಂದುವರಿದವು. ಅದು ರದ್ದಾದದ್ದು 1990ರಲ್ಲಿ. ಈ ಇಪ್ಪತ್ತೇಳು ವರ್ಷಗಳಲ್ಲಿ ಎಷ್ಟು ಮನೆಗಳ ಮಕ್ಕಳು ಕುಲುಮೆಯಿಂದೆದ್ದು ಬೇರೆ ಉದ್ಯೋಗಕ್ಕೆ ಹೋದರೋ! ಕೈಯಿಂದ ಕೈಗೆ ಬರುವ ವಿದ್ಯೆ ನಡುವೆ ಒಂದು ತಲೆಮಾರು ಬಿಟ್ಟರೆ ಪುಸ್ತಕದಿಂದ ಮರಳಿ ಬರುವಂಥದಲ್ಲ.

ಈಗಿನ ಏರ್ಪಾಡು ಕೊಳ್ಳುವವನ ಪರವಾಗಿದೆ. 2021ರ ಜೂನ್ 16ರಿಂದ ದೇಶದ ಹಲವು ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಒಡವೆಯೊಂದೊಂದಕ್ಕೂ ಅಕ್ಷರ ಅಂಕಿಗಳು ಸೇರಿದ ಆರು ಚಿಹ್ನೆಗಳ ಗುರುತು. ಅದಿಲ್ಲದೆ 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗಳ ಮಾರಾಟವಿಲ್ಲ. ಇದು ನ್ಯಾಯವಾದದ್ದೇ. ಒರೆಗಲ್ಲಿನ ಗೀಟನ್ನು ಓದಲು ಬಾರದ ಗ್ರಾಹಕನಿಗೆ ಒಂದು ಭರವಸೆ ದೊರೆಯಿತು. ಸಣ್ಣ ವಹಿವಾಟಿನವರಿಗೂ, ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೂ, ಕುಂದಣದ ಕೆಲಸಕ್ಕೂ ವಿನಾಯಿತಿಯಿತ್ತರು. ಆದರೂ ಒಂದು ವಿನೋದ ನನ್ನ ಮನಸ್ಸಿಗೆ ಬರುತ್ತದೆ. ಒಂದೇ ಅಚ್ಚಿನಿಂದ ಉದುರಿದ, ಒಂದರ ಮುಖ ಒಂದಕ್ಕೆ ತಪ್ಪದ ಸಾವಿರ ಲೋಲಾಕುಗಳಿಗೆ ಸಾವಿರ ಬೇರೆ ಬೇರೆ ಗುರುತು. ಜಗತ್ತಿನಲ್ಲಿ ತನಗೆ ಎರಡನೆಯದಿಲ್ಲದ ಅಜ್ಜಿಯ ಬುಗುಡಿಗೆ ಯಾವ ಗುರುತೂ ಇಲ್ಲ.

ಮಾಡಿದವನ ಹೆಸರಂತೂ ಮೊದಲೇ ಇಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಮದನಿಕೆಯರ ಕೊರಳಿನ ಹಾರ, ತೋಳಿನ ಬಂದಿಗಳನ್ನು ಕಲ್ಲುಕುಟಿಗನು ಅಷ್ಟು ಬಿಡಿಬಿಡಿಯಾಗಿ ಕೆತ್ತಿದ್ದಾನೆಂದ ಮೇಲೆ ಅವನ ಕಣ್ಣ ಮುಂದೆ ನಿಜವಾದ ಒಡವೆಗಳು ಇದ್ದಿರಲೇಬೇಕು. ಅವನ್ನು ಮಾಡಿದ ಕೈಗಳೂ ಇದ್ದಿರಬೇಕು. ಅತ್ತಿಮಬ್ಬೆ ಚಿನ್ನದಲ್ಲಿಯೂ ರತ್ನದಲ್ಲಿಯೂ ಒಂದೂವರೆ ಸಾವಿರ ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧವಾಗಿದೆ. ಆಕೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಕಲ್ಲಿನ ಬಸದಿ ಸಾವಿರ ವರ್ಷ ದಾಟಿ ನಿಂತಿದೆ. ಪ್ರತಿಮೆ ಎರಕ ಹೊಯ್ದವರು ಯಾರೋ ತಿಳಿಯದು. ಕಲ್ಲನ್ನು ಕರಗಿಸಿ ಮಾರುವ ಹಾಗಿಲ್ಲ, ಅದಕ್ಕೇ ಅದು ಉಳಿಯಿತು. ಚಿನ್ನದ ಬೆಲೆಯೇ ಚಿನ್ನದ ಕೆಲಸಕ್ಕೆ ಮೃತ್ಯು. ಬರಗಾಲ ಬಂದರೆ ಕರಗುತ್ತದೆ, ಸಾಲ ಬಂದರೆ ಕರಗುತ್ತದೆ. ಫ್ಯಾಷನ್ ಬದಲಾದರೂ ಕರಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬ್ರಹ್ಮಯ್ಯನು ಅಕ್ಕಸಾಲಿಗನಾಗಿದ್ದನೆಂದು ಪರಂಪರೆ ಹೇಳುತ್ತದೆ. ಅವನನ್ನು ನಾವು ನೆನೆಯುವುದು ಕಿನ್ನರಿಯಿಂದಲೇ ಹೊರತು ಅವನು ಮಾಡಿದ ಯಾವುದೊಂದು ಉಂಗುರದಿಂದಲೂ ಅಲ್ಲ.

ಕೈಗೆಲಸ ಈಗ ಇಲ್ಲವೇ ಇಲ್ಲವೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ನಗರ್ತಪೇಟೆಯ ಮಹಡಿಮನೆಗಳಲ್ಲಿ ಬಂಗಾಳದಿಂದ ಬಂದ ಹುಡುಗರು ಗುಂಪುಗುಂಪಾಗಿ ಕುಳಿತು ಇಂದಿಗೂ ತಂತಿ ಬಾಗಿಸುತ್ತಾರೆ. ಊದುಗೊಳವೆಯ ಜಾಗಕ್ಕೆ ಅನಿಲದ ದೀಪ ಬಂದಿದೆ, ಗುಲಗಂಜಿಯ ಜಾಗಕ್ಕೆ ವಿದ್ಯುತ್ತಿನ ತಕ್ಕಡಿ. ತೊಂಬತ್ತಾರು ಗುಲಗಂಜಿಗೆ ಒಂದು ತೊಲೆಯೆಂಬ ಲೆಕ್ಕ ಹೇಳಿದರೆ ಅವರು ನಗುತ್ತಾರೆ. ಅವರ ಕೆಲಸದ ಕೂಲಿ ಮಾತ್ರ ಈಗಲೂ ಗ್ರಾಮಿನ ಲೆಕ್ಕದಲ್ಲಿಯೇ ನಡೆಯುವುದುಂಟು. ಹಗುರವಾದ ಒಡವೆಗೆ ಹೆಚ್ಚು ದಿನ ಹಿಡಿಯಿತೆಂಬುದು ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಕಪ್ಪತಗುಡ್ಡದ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದ ಜನರಿಗೆ ಧಾರವಾಡ ಸೀಮೆಯಲ್ಲಿ ಜಾಲಗಾರರೆಂದು ಹೆಸರಿತ್ತು. ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆಯುವುದೂ ಇದೇ ಬಗೆಯ ವಿದ್ಯೆ. ನೆಲದ ಧೂಳು, ಅಗ್ಗಿಷ್ಟಿಕೆಯ ಬೂದಿ, ಕೈತೊಳೆದ ನೀರು, ಕೂರುವ ಚಾಪೆ, ಯಾವುದನ್ನೂ ಅಕ್ಕಸಾಲಿಗ ಬಿಸಾಡುವುದಿಲ್ಲ. ವರ್ಷಕ್ಕೊಮ್ಮೆ ಅದನ್ನು ಕೊಳ್ಳಲು ಬಂದವನು ಮೂಟೆಯಲ್ಲಿ ಕೈಯಾಡಿಸಿ, ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಈ ಸಲ ಕೆಲಸ ಕಡಿಮೆಯಿತ್ತೇ ಸ್ವಾಮಿ ಎಂದು ಕೇಳುತ್ತಾನೆ. ಚೌಕಾಸಿ ಅಲ್ಲಿಂದ ಮೊದಲಾಗುತ್ತದೆ.